ಹಿಡಿದ ಕತ್ತು, ರತ್ನಿಯ ಎಡಗಾಲು

ನನ್ನ ಅಂಗಡಿಯ ಗೋಡೆಯಲ್ಲಿರುವುದು ಒಂದೇ ಮೊಳೆ. ಇಷ್ಟು ವರ್ಷ ಅದಕ್ಕೆ ಅಳತೆಯ ಟೇಪು ಒಂದನ್ನೇ ನೇತುಹಾಕುತ್ತಿದ್ದೆ. ಈಗ ಟೇಪಿನ ಜೊತೆಗೆ ಕತ್ತಿನ ಪಟ್ಟಿಯೊಂದು ತೂಗುತ್ತಿದೆ. ಡಾಕ್ಟರು ಹೇಳಿ ಕೊಡಿಸಿದ್ದು. ಒಳಗೆ ಸ್ಪಂಜು, ಹಿಂದೆ ಚರ್ ಎಂದು ಬಿಚ್ಚಿಕೊಳ್ಳುವ ಅಂಟುಪಟ್ಟಿ. ಮೊನ್ನೆ ಮದುವೆಯ ಬ್ಲೌಸು ಹೊಲಿಸಲು ಬಂದ ಹುಡುಗಿ ಅದನ್ನು ಮುಟ್ಟಿ ನೋಡಿ, "ಆಂಟಿ, ಇದ್ಯಾವ ನೆಕ್ಕು? ಹೊಸಾ ಮಾಡಲ್ಲಾ?" ಎಂದು ಕೇಳಿದಳು. "ಹೂಂ ಕಣಮ್ಮ, ಐವತ್ತು ದಾಟಿದೋರಿಗೆ ಮಾತ್ರ ಹೊಲಿಯೋ ನೆಕ್ಕು" ಎಂದೆ. ಪಾಪ, ಅವಳು ನಂಬಿದಳೋ ಏನೋ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಅದರ ಅಂಚಿನ ಹೊಲಿಗೆ ಸೊಟ್ಟಗಿರುವುದೇ ಕಣ್ಣಿಗೆ ಚುಚ್ಚುತ್ತದೆ.

ಮಧುಗಿರಿಯ ಈ ಬೀದಿಯಲ್ಲಿ ನಾನು ಮಿಷನ್ ಮುಂದೆ ಕುಳಿತು ಒಂದು ತಲೆಮಾರು ಕಳೆದಿದೆ. ತಾಯಂದಿರಿಗೆ ಹೊಲಿದವಳು ಈಗ ಅವರ ಮಕ್ಕಳಿಗೆ ಹೊಲಿಯುತ್ತಿದ್ದೇನೆ. ಈ ಊರಿನ ಹೆಂಗಸರ ಕತ್ತುಗಳು ನನಗೆ ಗೊತ್ತಿರುವಷ್ಟು ಅವರ ಗಂಡಂದಿರಿಗೂ ಗೊತ್ತಿರಲಾರವು. ಯಾರದು ಉದ್ದ, ಯಾರದು ಗಿಡ್ಡ, ಯಾರಿಗೆ ಬೋಟ್ ನೆಕ್ ಒಪ್ಪುತ್ತದೆ, ಯಾರಿಗೆ ಪಾಟ್ ನೆಕ್ ಹೊಲಿದರೆ ಮಡಕೆಯೇ ಆಗಿಬಿಡುತ್ತದೆ ಎಂಬುದನ್ನು ಬೀದಿಯಲ್ಲಿ ಎದುರಾದ ಕೂಡಲೇ ಹೇಳಬಲ್ಲೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಈಚೆಗೆ ಹುಡುಗಿಯರ ಬ್ಲೌಸಿಗೆ ಬೆನ್ನಿನ ಬಟ್ಟೆಯನ್ನು ಚೂರು ಉದ್ದ ಬಿಟ್ಟು ಕತ್ತರಿಸಬೇಕಾಗಿದೆ. ಫೋನು ನೋಡಿ ನೋಡಿ ಬೆನ್ನು ಗೂನಿ, ಭುಜ ಮುಂದಕ್ಕೆ ಬಂದು, ಹಳೆಯ ಅಳತೆಯಲ್ಲಿ ಹೊಲಿದರೆ ಹಿಂಭಾಗ ಮೇಲಕ್ಕೆಳೆಯುತ್ತದೆ. ಇಷ್ಟೆಲ್ಲ ಬಲ್ಲವಳು ನನ್ನ ಕತ್ತನ್ನು ಮಾತ್ರ ಯಾವತ್ತೂ ಗಮನಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಒಂದು ಬೆಳಗ್ಗೆ ಎದ್ದು ಗಡಿಯಾರ ನೋಡಲು ಹೊರಳಿದೆ. ನಾನು ಹೊರಳಿದೆನೇ ಹೊರತು ಕತ್ತು ಹೊರಳಲಿಲ್ಲ. ಎಡಗಡೆ ಕಿವಿಯ ಕೆಳಗಿನಿಂದ ಭುಜದವರೆಗೆ ಯಾರೋ ಹಗ್ಗ ಬಿಗಿದಂತಿತ್ತು. ಒಂದು ಸಲ ಹಾ ಎಂದು ಕೂಗಿ ಮತ್ತೆ ಮಲಗಿಬಿಟ್ಟೆ.

ಕತ್ತು ಹಿಡಿದವರ ಕಷ್ಟ ನೋಡುವವರಿಗೆ ತಮಾಷೆ. ಕಾಲು ಮುರಿದವರನ್ನು ಕಂಡರೆ ಜನ ಅಯ್ಯೋ ಎನ್ನುತ್ತಾರೆ. ಕತ್ತು ಹಿಡಿದವರನ್ನು ಕಂಡರೆ ನಗುತ್ತಾರೆ. ಯಾರಾದರೂ ಹಿಂದಿನಿಂದ ಕರೆದರೆ ಸ್ಟೂಲಿನ ಸಮೇತ ಇಡೀ ನಾನೇ ತಿರುಗಬೇಕು. ತರಕಾರಿ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತವಳು ಮಾತಾಡಿಸಿದರೆ ನೆಟ್ಟಗೆ ಬದನೆಕಾಯಿಯನ್ನೇ ನೋಡುತ್ತಾ ಉತ್ತರ ಕೊಡಬೇಕು. "ಜಯಮ್ಮಂಗೆ ಈಗೀಗ ಸೊಕ್ಕು ಬಂದೈತೆ, ಕತ್ತು ತಿರುಗ್ಸೂ ನೋಡಲ್ಲ" ಎಂದು ಸುದ್ದಿಯಾಯಿತು. ಸೊಕ್ಕು ಬಂದವರ ಕತ್ತು ಎಷ್ಟು ನೋಯುತ್ತದೆಂದು ನನಗೆ ಆಗ ಅರ್ಥವಾಯಿತು. ಎಲ್ಲಕ್ಕಿಂತ ಬೇಸರವಾದದ್ದೆಂದರೆ ನಮ್ಮ ಬೆಟ್ಟದ ತುದಿ ಕಾಣದೆ ಹೋದದ್ದು. ಅಂಗಡಿಯ ಬಾಗಿಲಲ್ಲಿ ನಿಂತರೆ ಎದುರಿಗೇ ಇದೆ, ಆದರೆ ಅದರ ತುದಿಗೆ ಕತ್ತೆತ್ತಬೇಕು. ಅಷ್ಟೂ ದಿನ ನಾನು ಅರ್ಧ ಬೆಟ್ಟದ ಊರಿನಲ್ಲಿ ಬದುಕಿದೆ.

ಔಷಧಿ ಹೇಳದವರಿಲ್ಲ. ದಿಂಬನ್ನು ಬಿಸಿಲಿಗಿಟ್ಟು ಮಲಗು ಎಂದರು, ಲಟ್ಟಣಿಗೆಯಿಂದ ಉಜ್ಜು ಎಂದರು, ಉಪ್ಪಿನ ಗಂಟಿನ ಶಾಖ ಕೊಡು ಎಂದರು. ನಮ್ಮ ಮನೆಯವರಂತೂ, "ನಡಿ, ನಮ್ಮ ಕಟಿಂಗ್ ಶಾಪ್‌ನೋನ ಹತ್ರ ಕರ್ಕೊಂಡೋಯ್ತೀನಿ. ಆ ಕಡೆ ಒಂದು ಲಟಕ್ಕು, ಈ ಕಡೆ ಒಂದು ಲಟಕ್ಕು, ಎಲ್ಲಾ ಸರೋಯ್ತದೆ" ಎಂದು ಪಟ್ಟುಹಿಡಿದರು. ಕೊನೆಗೆ ನಾನು ಹೋದದ್ದು ಆಸ್ಪತ್ರೆಗೆ. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಲಟಕ್ಕಿನ ಮಾತೆತ್ತಿದ ಕೂಡಲೇ ನಮ್ಮ ಮನೆಯವರ ಕಡೆ ಒಂದು ನೋಟ ನೋಡಿದರು. "ಯಾರ ಕೈಲೂ ಕತ್ತು ತಿರುಚಿಸ್ಕೋಬೇಡಿ. ಅದರೊಳಗೆ ನರ ಇದೆ, ರಕ್ತನಾಳ ಇದೆ. ಅದೇನು ನಲ್ಲಿಯೇ, ತಿರುಗಿಸಿ ಸರಿ ಮಾಡೋಕೆ?" ಎಂದರು. ನಮ್ಮ ಮನೆಯವರು ತಮ್ಮ ಕತ್ತನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು.

ಆಮೇಲೆ ಶುರುವಾದವು ಪ್ರಶ್ನೆಗಳು. ಕೈ ಜೋಮು ಹಿಡಿಯುತ್ತಾ, ಬೆರಳಲ್ಲಿ ಬಲ ಕಡಿಮೆಯಾಗಿದೆಯಾ, ಜ್ವರ ಬಂದಿತ್ತಾ, ಎಲ್ಲಾದರೂ ಬಿದ್ದಿರಾ ಎಂದರು. ಯಾವುದೂ ಇಲ್ಲವೆಂದೆ. "ಹಾಗಿದ್ರೆ ಹೆದರೋದೇನಿಲ್ಲ. ಇವುಗಳಲ್ಲಿ ಯಾವುದಾದ್ರೂ ಕಂಡ್ರೆ ಮಾತ್ರ ತಡ ಮಾಡದೆ ಬನ್ನಿ" ಎಂದು, "ಯಾವ ದಿಂಬು ಹಾಕ್ಕೊಂಡು ಮಲಗ್ತೀರಾ?" ಎಂದು ಕೇಳಿದರು.

ಮಗಳು ಕೊಡಿಸಿದ ಫೋಮ್ ದಿಂಬು, ಇಷ್ಟು ಎತ್ತರ ಎಂದು ಕೈಯಲ್ಲಿ ತೋರಿಸಿದೆ. ತೋರಿಸುತ್ತಿದ್ದ ಹಾಗೇ ನಾವು ಅಕ್ಕತಂಗಿಯರು ಹಂಚಿಕೊಂಡು ಮಲಗುತ್ತಿದ್ದ ದಿಂಬು ನೆನಪಾಯಿತು. ನಮ್ಮೂರು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಪಕ್ಕದ ಒಂದು ಹಳ್ಳಿ. ಅಲ್ಲಿ ದಿಂಬನ್ನು ಕೊಂಡು ತರುತ್ತಿರಲಿಲ್ಲ. ಬೂರುಗದ ಹತ್ತಿ ಸಿಕ್ಕಿದ ವರ್ಷ ಹತ್ತಿ, ಸಿಗದ ವರ್ಷ ಅಜ್ಜಿಯ ಹಳೇ ಸೀರೆ. ಅದನ್ನೇ ಮಡಿಸಿ ಗೌಸಿಗೆ ತುರುಕುತ್ತಿದ್ದರು. ತಲೆಯಿಟ್ಟರೆ ಅಜ್ಜಿಯ ವಾಸನೆ, ಸೌದೆಯ ಹೊಗೆ, ಎಲೆ ಅಡಿಕೆ ಎಲ್ಲ ಸೇರಿದ ವಾಸನೆ. ತೀರಾ ತೆಳ್ಳಗೆ, ಇದ್ದರೂ ಇಲ್ಲದಂತೆ ಇರುತ್ತಿತ್ತು. ಡಾಕ್ಟರಮ್ಮ, "ತೆಳು ದಿಂಬು ಸಾಕು. ಕತ್ತು ಮೇಲಕ್ಕೂ ಬಾಗಬಾರದು, ಕೆಳಕ್ಕೂ ಜೋಲಬಾರದು" ಎಂದಾಗ ಅದೇ ದಿಂಬನ್ನು ನೋಡಿದವರಂತೆ ಹೇಳುತ್ತಿದ್ದಾರೆ ಅನ್ನಿಸಿತು.

"ಭಾರ ಹೊರ್ತೀರಾ?" ಎಂದರು. ಈಗಿಲ್ಲ. ಆಗ ಹೊರುತ್ತಿದ್ದೆವು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ನೀರಿನ ಬಿಂದಿಗೆ, ಹಿಂದಿನಿಂದ ಅಮ್ಮನ ಕೂಗು: "ಕತ್ತು ನೆಟ್ಟಗಿಡೇ, ನೀರು ಚೆಲ್ತದೆ!" ಬಾವಿಯಿಂದ ಮನೆಗೆ ಕತ್ತು ಅಲುಗಿಸದೆ, ಕಣ್ಣು ಮಾತ್ರ ಆಡಿಸುತ್ತಾ ಬರುತ್ತಿದ್ದೆವು. ಹಾಗೆ ನಡೆದ ಕತ್ತು ಇಳಿಸಂಜೆಯವರೆಗೆ ಬ್ಲೌಸಿನ ಮೇಲೆ ಬಾಗಿ ಕೂರುವುದನ್ನು ಕಲಿತದ್ದು ಹೇಗೋ. "ತಲೆ ಭುಜದ ಮೇಲೆ ನೆಟ್ಟಗೆ ಕೂತಿದ್ರೆ ಅದರ ಭಾರ ಗೊತ್ತಾಗಲ್ಲ. ಬಗ್ಗಿಸಿದಷ್ಟೂ ಹಿಂದಿನ ಮಾಂಸಖಂಡ ಅದನ್ನ ಎಳೆದು ಹಿಡ್ಕೊಂಡೇ ಇರಬೇಕು. ದಿನವಿಡೀ ಹಿಡ್ಕೊಂಡ್ರೆ ಅದಕ್ಕೂ ಸಾಕಾಗಲ್ವಾ? ಜೊತೆಗೆ ವಯಸ್ಸಾಗ್ತಾ ಮೂಳೆ ಒಂಚೂರು ಸವೆಯುತ್ತೆ, ಅದು ಎಲ್ಲರಿಗೂ. ಯೋಚನೆ ಜಾಸ್ತಿ ಇರೋರು ತಮಗೇ ಗೊತ್ತಿಲ್ದಂಗೆ ಭುಜ ಎತ್ಕೊಂಡಿರ್ತಾರೆ, ಅದೂ ಒಂದು ಕಾರಣ" ಎಂದರು ಡಾಕ್ಟರಮ್ಮ. ನಾನು ಮೆಲ್ಲಗೆ ಭುಜ ಇಳಿಸಿ ಕೂತೆ. ಅವು ನಿಜವಾಗಿಯೂ ಎತ್ತಿಕೊಂಡೇ ಇದ್ದವು.

ಕೊನೆಯದಾಗಿ ಕೇಳಿದರು. "ಫೋನನ್ನ ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸ್ಕೊಂಡು ಮಾತಾಡೋ ಅಭ್ಯಾಸ ಇದೆಯಾ?"

ನಮ್ಮ ಮನೆಯವರು ಬಾಯಿ ಬಿಟ್ಟರು. "ಇದೆಯಾ ಅಂದ್ರೆ? ಅದೊಂದೇ ಇರೋದು ಡಾಕ್ಟ್ರೇ. ತಂಗಿ ಫೋನು ಬಂದ್ರೆ ಸಾಕು, ಎಡಗಡೆ ಸಿಕ್ಕಿಸ್ಕೊಂಡು ಮಿಷನ್ ತುಳಿಯೋಕೆ ಕೂತ್ರೆ ಒಂದು ಬ್ಲೌಸು ಮುಗಿಯೋವರ್ಗೂ ಕತ್ತೆತ್ತಲ್ಲ."

"ಅದೇ ಮತ್ತೆ, ಎಡಗಡೇನೇ ಹಿಡ್ಕೊಂಡಿರೋದು" ಎಂದು ಡಾಕ್ಟರಮ್ಮ ಚೀಟಿ ಬರೆದರು. ಮಾತ್ರೆ, ಕತ್ತಿಗೆ ಹಗುರವಾದ ವ್ಯಾಯಾಮ, ಆಗಾಗ ಮಿಷನ್ ಬಿಟ್ಟು ಏಳುವುದು, ಬಸ್ಸಿನಲ್ಲಿ ಹೋಗುವಾಗ ಮಾತ್ರ ಈ ಪಟ್ಟಿ. ಸದಾ ಹಾಕಿಕೊಂಡರೆ ಕತ್ತು ಸೋಮಾರಿಯಾಗುತ್ತದಂತೆ. ಮತ್ತೆ, ಫೋನನ್ನು ಆ ರೀತಿ ಸಿಕ್ಕಿಸಿಕೊಳ್ಳುವುದು ಇನ್ನು ಮುಂದೆ ಬಂದ್.

ನನ್ನ ತಂಗಿ ರತ್ನಳನ್ನು ಕೊಟ್ಟಿರುವುದು ಪಾವಗಡದ ಆಚೆ, ಆಂಧ್ರದ ಗಡಿಗೆ ಕೂಗಳತೆಯ ಊರಿಗೆ. ಅವಳು ಅಲ್ಲಿನ ಸೋಲಾರ್ ಬಯಲಿನಲ್ಲಿ ಕೆಲಸ ಮಾಡುತ್ತಾಳೆ. ಹಲಗೆಗಳ ಧೂಳು ಒರೆಸುವುದು, ನಡುವೆ ಬೆಳೆದ ಹುಲ್ಲು ಕೀಳುವುದು. ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ನನಗೆ ಫೋನು ಮಾಡುತ್ತಾಳೆ. ಅವಳ ಮಾತಿಗೆ ತಲೆಬುಡ ಇರುವುದಿಲ್ಲ, ನನಗೆ ಬೇಕಾಗಿಯೂ ಇಲ್ಲ. ಎಡಗಿವಿಯಲ್ಲಿ ಅವಳ ದನಿ ಇದ್ದರೆ ತೋಳು ಜೋಡಿಸುವಂಥ ಬೇಸರದ ಕೆಲಸವೂ ತಾನಾಗಿ ಸಾಗುತ್ತದೆ. ಡಾಕ್ಟರು ಬೇಡವೆಂದ ಮೇಲೆ ಒಂದು ದಿನ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದೆ. "ಅಕ್ಕಾ, ಆ ನಿನ್ನ ಎದುರುಮನೆ ಬಾಯ್ಬಡುಕಿ ಬ್ಲೌಸು ಇಸ್ಕಂಡೋದ್ಲಾ, ಇಲ್ಲಾ ಇನ್ನೂ ತೋಳು ಸರಿಯಿಲ್ಲ ಅಂತ ವದರ್ತಾವ್ಳಾ?" ಎಂದು ರತ್ನಿ ಅಂಗಡಿಯೆಲ್ಲ ತುಂಬುವಂತೆ ಕೇಳಿದಳು. ಬಾಯ್ಬಡುಕಿ ನನ್ನ ಮುಂದೆಯೇ ತೋಳು ತೋರಿಸುತ್ತಾ ನಿಂತಿದ್ದಳು. ಅಂದಿಗೆ ಅಂಗಡಿಯ ಫೋನುಮಾತು ಮುಗಿಯಿತು, ಎದುರುಮನೆಯ ಬ್ಲೌಸೂ ಬೇರೆ ಟೈಲರಿಗೆ ಹೋಯಿತು.

ಮಧ್ಯಾಹ್ನಗಳು ಭಣಗುಡತೊಡಗಿದವು. ಕತ್ತಿನ ನೋವು ಮಾತ್ರೆಗೆ ಒಂದಿಷ್ಟು ತಗ್ಗಿತು, ಪೂರಾ ಹೋಗಲಿಲ್ಲ. ಮದುವೆಯ ಕಾಲ ಬೇರೆ. ಕತ್ತರಿಸಿಟ್ಟ ಬಟ್ಟೆಗಳು ರಾಶಿ ಬಿದ್ದಿದ್ದವು. ಹೊಲಿಯಲು ಕೂತರೆ ಎಡಗಡೆ ಚಳಕು. ಆ ಚಳಕಿನ ಜೊತೆಗೇ ನನಗೊಂದು ಆಸೆ ಹುಟ್ಟಿತು, ಹೇಳಿಕೊಂಡರೆ ನಗುತ್ತೀರಿ. ನನ್ನ ತಂಗಿ ಒಂದು ಸಲ ನನ್ನ ಕತ್ತಿಗೆ ಕಾಲಿನಿಂದ ಒದೆಯಬೇಕು.

ಯಾಕೆಂದು ಹೇಳುತ್ತೇನೆ. ರತ್ನಿ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರ ಪಾದ ತಾಕಿದರೆ ಉಳುಕು, ಹಿಡಿತ ಎಲ್ಲ ಬಿಡುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು: "ಎಲ್ರೂ ತಲೆ ತೂರ್ಕಂಡು ಬತ್ತಾರೆ. ಇದು ಮೊದ್ಲು ಕಾಲಿಟ್ಟು, ನೆಲ ಗಟ್ಟಿಯಾಗೈತಾ ಅಂತ ನೋಡ್ಕಂಡು, ಆಮ್ಯಾಕೆ ಬಂತು ಕಣಮ್ಮ." ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರಿಗೆ ಕತ್ತು ಹಿಡಿದರೂ, ಸೊಂಟ ಹಿಡಿದರೂ ನಮ್ಮ ಮನೆಗೆ ಬರುತ್ತಿದ್ದರು.

ಕುರಿ ಕಾಯುವ ಈರಜ್ಜ ಹೆಚ್ಚುಕಡಿಮೆ ಖಾಯಂ ಗಿರಾಕಿ. ಹುಟ್ಟಿದ ಮರಿಗಳನ್ನು ಹೆಗಲ ಮೇಲೆ, ಕತ್ತಿನ ಸುತ್ತ ಹಾಕಿಕೊಂಡು ಹೊಲಗದ್ದೆ ಸುತ್ತುತ್ತಿದ್ದವನು. ಜಗಲಿಯ ಮೇಲೆ ಒಂದು ಹಿಡಿ ಕಡಲೆಕಾಯಿ ಇಟ್ಟು, ಮನೆಗೆ ಬೆನ್ನು ಮಾಡಿ ಕೆಳಗಿನ ಮೆಟ್ಟಿಲ ಮೇಲೆ ಕೂತು, "ಎಲ್ಲವ್ಳೆ ನಮ್ಮವ್ವ? ವಸಿ ಪಾದ ತಾಕ್ಸಕ್ಕೇಳು, ಕತ್ತು ಅಳ್ಳಾಡ್ತಿಲ್ಲ" ಎನ್ನುತ್ತಿದ್ದ. ಅವನ ಅವ್ವ ರತ್ನಿ ಆಗ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿರುತ್ತಿದ್ದಳು. ಆಟ ಕೆಡಬಾರದೆಂದು ಒಂಟಿಕಾಲಲ್ಲೇ ಕುಂಟಿಕೊಂಡು ಬಂದು, ಎತ್ತಿ ಹಿಡಿದಿದ್ದ ಎಡಗಾಲಿನ ಹೆಬ್ಬೆರಳನ್ನು ಈರಜ್ಜನ ಕತ್ತಿಗೆ ಮುಟ್ಟಿಸಿ ಒಂದು ಸಣ್ಣ ತಳ್ಳು ತಳ್ಳಿ, ಹಾಗೇ ಕುಂಟಿಕೊಂಡು ಹೋಗಿಬಿಡುತ್ತಿದ್ದಳು.

ಅದಕ್ಕೊಂದು ಕಟ್ಟಳೆಯಿತ್ತು. ಕಾಲು ತಾಕಿಸಿ ತೆಗೆದ ಮೇಲೆ ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಬಾರದು. ನೋವಿನವರು ಸುಮ್ಮನೆದ್ದು, ಹಿಂತಿರುಗಿ ನೋಡದೆ ಹೋಗಬೇಕು. ತಿರುಗಿ ನೋಡಿದರೆ ಬಿಟ್ಟ ಹಿಡಿತ ಮತ್ತೆ ಬಂದು ಹಿಡಿಯುತ್ತದೆ. ಈರಜ್ಜ ಎದ್ದು, ಮರಿಯನ್ನು ಕಂಕುಳಿಗೆ ಏರಿಸಿ, ಬೀದಿಯ ತಿರುವಿನವರೆಗೆ ನೆಟ್ಟಗೆ ನಡೆದು ಹೋಗುವುದನ್ನು ನಾನೂ ಅಜ್ಜಿಯೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

ಒಮ್ಮೆ ನಮ್ಮೂರಿನ ಐನೋರು ಬಂದರು. ಊರೆಲ್ಲ ಕಾಲಿಗೆ ಬೀಳುವ ಹಿರಿಯರು. ಅಜ್ಜಿ ಕೈ ಕೈ ಹಿಸುಕಿಕೊಂಡು, "ಬ್ಯಾಡಿ ಬುದ್ಧೀ, ಕೂಸಿನ ಕಾಲು, ನಮ್ಗೆ ಪಾಪ ಸುತ್ಕಂತದೆ" ಎಂದಳು. ಐನೋರು ಕೊರಳಿನ ಲಿಂಗದ ಕರಡಿಗೆಯನ್ನು ಎದೆಯ ಕಡೆಗೆ ಸರಿಯಾಗಿ ಸರಿಸಿಕೊಂಡು, ಮೆಟ್ಟಿಲ ಮೇಲೆ ಕೂತು, "ನೋವಿಗ್ಯಾವ ಮಡಿ ತಾಯಿ, ಕರೀರಿ ಮಗೂನ" ಎಂದರು. ಊರಿಗೆ ಊರೇ ಬಾಗುವ ಆ ಕತ್ತು ಮೂಗು ಸುರಿಸಿಕೊಂಡ ನನ್ನ ತಂಗಿಯ ಪಾದಕ್ಕೆ ಬಾಗಿದ್ದನ್ನು ನಾನು ಕಂಡಿದ್ದೇನೆ. ಅಂದು ನನಗೆ ಹೊಟ್ಟೆಕಿಚ್ಚಾಯಿತು. ನಾನು ಎಲ್ಲರಂತೆ ತಲೆ ಮುಂದೆ ಮಾಡಿಕೊಂಡು ಬಂದವಳು. ಆ ತಲೆಯಿಂದ ಇವತ್ತಿನವರೆಗೆ ಒಬ್ಬರ ನೋವೂ ಹೋಗಿದ್ದಿಲ್ಲ.

ನೀವು ಕೇಳಬಹುದು, ನಿಜವಾಗಿಯೂ ಬಿಡುತ್ತಿತ್ತೇ ಎಂದು. ಸಾಮಾನ್ಯವಾಗಿ ಹಿಡಿದ ಕತ್ತು ಕೆಲವು ದಿನಕ್ಕೆ ತಾನಾಗಿ ಸಡಿಲವಾಗುತ್ತದೆ ಎಂದು ಡಾಕ್ಟರಮ್ಮನೇ ಹೇಳಿದ್ದಾರೆ. ಈರಜ್ಜನದೂ ಹಾಗೇ ಬಿಟ್ಟಿರಬಹುದು. ಆದರೆ ನನಗೆ ಗೊತ್ತಿರುವುದು ಇಷ್ಟು: ಚಿಕ್ಕವಳಿದ್ದಾಗ ನನ್ನ ಕತ್ತು ಒಮ್ಮೆಯೂ ಹಿಡಿದಿರಲಿಲ್ಲ. ಅದಕ್ಕೆ ಕಾರಣವೂ ನನಗೆ ಗೊತ್ತು. ಒಂದೇ ಕಂಬಳಿಯಡಿ, ಒಂದೇ ದಿಂಬಿಗೆ ತಲೆಯಿಟ್ಟು ನಾವಿಬ್ಬರೂ ಮಲಗುತ್ತಿದ್ದೆವು. ಬೆಳಗಾಗುವಷ್ಟರಲ್ಲಿ ರತ್ನಿ ಪೂರಾ ತಿರುಗಿ, ತಲೆ ಅತ್ತ, ಕಾಲು ಇತ್ತ ಮಾಡಿಕೊಂಡಿರುತ್ತಿದ್ದಳು. ಅವಳ ಎಡಗಾಲು ನನ್ನ ಕತ್ತಿನ ಮೇಲೆ. ನಾನು ತಳ್ಳಿದರೆ ನಿದ್ದೆಯಲ್ಲೇ ಒದ್ದು, "ಅತ್ಲಾಗೆ ಸರ್ಕಳೇ ಜಯೀ" ಎಂದು ಗೊಣಗುತ್ತಿದ್ದಳು. ಜನ ಮೈಲಿಗಟ್ಟಲೆ ನಡೆದು ಬಂದು ಕಡಲೆಕಾಯಿ ಕೊಟ್ಟು ಪಡೆಯುತ್ತಿದ್ದ ಪಾದ ನನಗೆ ಪುಕ್ಕಟೆಯಾಗಿ, ದಿನವೂ, ಬೇಡವೆಂದರೂ ಸಿಗುತ್ತಿತ್ತು.

ರತ್ನಿಯ ಮದುವೆಯಾದಾಗ ಅಜ್ಜಿ ಅವಳನ್ನು ಮೂಲೆಗೆ ಕರೆದು, "ಅಲ್ಲೋಗಿ ಕಾಲಿನ್ ಇಚಾರ ಎತ್ಬ್ಯಾಡ. ಸೊಸೆ ಅಂದೋಳು ಹಿರೀಕರ ಮೈಗೆ ಕಾಲು ತಾಕ್ಸಿದ್ರೆ ಆ ಮನೇವ್ರು ಏನಂದ್ಕಂತಾರೆ?" ಎಂದಿದ್ದಳು. ರತ್ನಿ ಅಂದಿನಿಂದ ಆ ಪಾದವನ್ನು ಸೀರೆಯ ನೆರಿಗೆಯೊಳಗೆ ಇಟ್ಟುಕೊಂಡವಳು ಹೊರಗೆ ತೆಗೆಯಲೇ ಇಲ್ಲ.

ಇನ್ನೊಂದು ಆದದ್ದು ಅಮ್ಮ ಹೋದ ಮೇಲೆ. ನಮಗೆ ಅಣ್ಣತಮ್ಮಂದಿರಿಲ್ಲ. ಗೌರಿಹಬ್ಬಕ್ಕೆ ರತ್ನಿಗೆ ತವರಿನ ಬಾಗಿನ ಕೊಡುವವರು ಯಾರೂ ಇರಲಿಲ್ಲವೆಂದು ನಾನೇ ಮೊರದ ಬಾಗಿನ ಕಟ್ಟಿ, ನಾನೇ ಹೊಲಿದ ಬ್ಲೌಸನ್ನು ಸೀರೆಯ ಮೇಲಿಟ್ಟು ತೆಗೆದುಕೊಂಡು ಹೋದೆ. ರತ್ನಿ ಬಾಗಿನ ಕಣ್ಣಿಗೊತ್ತಿಕೊಂಡಳು, ಆಮೇಲೆ ಬಗ್ಗಿ ನನ್ನ ಕಾಲಿಗೆ ಬಿದ್ದಳು. ನನ್ನ ಕಾಲಿಗೆ, ರತ್ನಿ! ಎತ್ತಲು ಹೋದರೆ ಅಳುತ್ತಾ, "ಇನ್ಮ್ಯಾಕೆ ನೀನೇ ನಂಗೆ ಅಮ್ಮ" ಎಂದಳು. ಅಂದಿನಿಂದ ನಾನು ಅವಳ ಬಾಯಲ್ಲಿ ಬರೀ ಅಕ್ಕ. ನನಗೂ ಅಮ್ಮ ಹೋಗಿದ್ದಳು. ಅದರ ಜೊತೆಗೆ ತಂಗಿಯೂ ಹೋದಂತಾಯಿತು. ನನ್ನನ್ನು ಲೇ ಜಯೀ ಎಂದು ಕರೆಯುವವರು ಈ ಲೋಕದಲ್ಲಿ ಯಾರೂ ಉಳಿಯಲಿಲ್ಲ.

ಈಗ ತಿಳಿಯಿತಲ್ಲ, ನನಗೆ ಬೇಕಾಗಿದ್ದದ್ದು ಬರೀ ಕತ್ತಿಗೆ ಔಷಧಿಯಲ್ಲ. ಹೊಲಿಯಬೇಕಿದ್ದ ರಾಶಿಗೆ ಬಟ್ಟೆ ಮುಚ್ಚಿ, ಬಾಗಿಲೆಳೆದು, ಕತ್ತಿಗೆ ಪಟ್ಟಿ ಕಟ್ಟಿಕೊಂಡು ಪಾವಗಡದ ಬಸ್ಸು ಹತ್ತಿದೆ. ಮಿಡಿಗೇಶಿ ದಾಟಿದ ಮೇಲೆ ಪಕ್ಕದ ಸೀಟಿನ ಅಜ್ಜಿ, "ಏನವ್ವ, ಕತ್ತಿಗೆ ಏನಾಯ್ತು?" ಎಂದಳು. "ಹಿಡ್ಕಂಡೈತೆ" ಎಂದೆ. "ಕಾಲ್ ಮುಂದಾಗಿ ಹುಟ್ಟಿದೋರ್ನ ನೋಡು" ಎಂದಳು. "ಅಲ್ಲಿಗೇ ಹೋಗ್ತಿದ್ದೀನಿ" ಎಂದು ಹೇಳಿದಾಗ ನನಗೆ ಸಣ್ಣ ಹೆಮ್ಮೆಯಾದದ್ದು ಸುಳ್ಳಲ್ಲ.

ರತ್ನಿಯ ಊರು ಬಂತೆಂದರೆ ಬಯಲಿನ ಉದ್ದಕ್ಕೂ ನೀಲಿ ಹಲಗೆಗಳು, ಎಲ್ಲವೂ ಒಂದೇ ಕಡೆ ಕತ್ತೆತ್ತಿ ಸೂರ್ಯನನ್ನು ನೋಡುತ್ತಾ ನಿಂತಿರುತ್ತವೆ. ಅವಕ್ಕೆ ನೋವಿಲ್ಲ. ರತ್ನಿ ಅಂದು ರಜೆ ಹಾಕಿ ಬಸ್ಸಿನ ಬಳಿಗೇ ಬಂದಿದ್ದಳು. ನಾನು ಇಳಿದ ಕೂಡಲೇ ಪಟ್ಟಿ ನೋಡಿ ನಕ್ಕು, ನಕ್ಕಿದ್ದಕ್ಕೆ ಕೆನ್ನೆ ಬಡಿದುಕೊಂಡು, ಆ ರಸ್ತೆಯಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದಳು. ಅವಳ ತಲೆಯಲ್ಲಿ ಬಿಳಿಕೂದಲು ನನಗಿಂತ ಹೆಚ್ಚಾಗಿತ್ತು.

ಮನೆಗೆ ಹೋಗಿ ನೀರು ಕುಡಿದವಳೇ ಕೇಳಿದೆ. "ಲೇ ರತ್ನೀ, ಒಂದ್ಸಲ ಕಾಲು ತಾಕ್ಸೇ."

"ಬುಡ್ತು ಅನ್ನಕ್ಕ!" ಎಂದು ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಅಮ್ಮನ್ ಸಮ ನೀನು. ಅಮ್ಮನ್ ಕತ್ತಿಗೆ ಕಾಲಿಡ್ತಾರಾ ಯಾರಾರ?"

"ಐನೋರಿಗೇ ಇಟ್ಟಿದ್ದೆ."

"ಆವಾಗ ನಂಗೇನು ಗೊತ್ತಿತ್ತು? ಮೂಗು ಒರೆಸ್ಕಳಾಕೂ ಬತ್ತಿರ್ಲಿಲ್ಲ. ಈಗ ಹೆಂಗಕ್ಕ? ಎಣ್ಣೆ ಕಾಯಿಸಿ ತಿಕ್ಕಿಕೊಡ್ತೀನಿ, ಶಾಖ ಕೊಡ್ತೀನಿ. ಕೈಯಲ್ಲಿ ಏನ್ ಬೇಕಾರ ಕೇಳು. ಕಾಲು ಮಾತ್ರ ಬ್ಯಾಡ."

"ನಂಗೆ ಕಾಲೇ ಬೇಕು ಕಣೇ."

"ಚಾಲು ಅಕ್ಕ, ಸಾಕು ಸುಮ್ಕಿರು" ಎಂದು ಅಡುಗೆಮನೆಗೆ ಎದ್ದುಹೋದಳು. ಅವಳ ಕನ್ನಡದಲ್ಲಿ ಈಗ ತೆಲುಗು ಹೀಗೆ ನುಸುಳುತ್ತಿರುತ್ತದೆ. ಎಣ್ಣೆ ಕಾಯಿಸಿ ತಂದು ತಿಕ್ಕಿದಳು. ಎಷ್ಟು ಹಗುರವಾಗಿ ತಿಕ್ಕಿದಳೆಂದರೆ, ಅಮ್ಮನ ಕೊನೆಯ ದಿನಗಳಲ್ಲಿ ನಾವು ಅಮ್ಮನಿಗೆ ತಿಕ್ಕುತ್ತಿದ್ದ ಹಾಗೆ. ನನಗೆ ಅಳು ಬಂತು. ನೋವಿಗೆ ಎಂದುಕೊಂಡು ಅವಳು ಇನ್ನೂ ಹಗುರ ಮಾಡಿದಳು.

ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಮನೆಯವರೆಲ್ಲ ಕೆಲಸಕ್ಕೆ ಹೋಗಿದ್ದರು. ಊರೂರಿಗೆ ಕರೆಂಟು ಕಳಿಸುವ ಆ ಊರಿನಲ್ಲಿ ಸರಿಯಾಗಿ ಮಧ್ಯಾಹ್ನಕ್ಕೆ ಕರೆಂಟು ಹೋಯಿತು. ಫ್ಯಾನು ನಿಂತಿತು. ನೆಲ ತಣ್ಣಗಿದೆಯೆಂದು ರತ್ನಿ ನಡುಮನೆಯಲ್ಲಿ ಚಾಪೆ ಹಾಸಿದಳು. ನನಗೊಂದು ತೆಳು ದಿಂಬು ಕೊಟ್ಟು, ತನ್ನ ಕಾಲು ನನ್ನ ಕಡೆ ಬಾರದ ಹಾಗೆ ಅಳೆದು ನೋಡಿಕೊಂಡು ಪ್ರತ್ಯೇಕ ಚಾಪೆಯಲ್ಲಿ ಮಲಗಿದಳು. ಮಾತಾಡುತ್ತಾ ಆಡುತ್ತಾ ಅವಳ ದನಿ ನಿಂತು, ಉಸಿರು ಉದ್ದವಾಯಿತು.

ನನಗೆ ನಿದ್ದೆ ಬರಲಿಲ್ಲ. ಮಲಗಿದಲ್ಲಿಂದ ಅವಳ ಪಾದ ಕಾಣುತ್ತಿತ್ತು. ಹಿಮ್ಮಡಿ ಒಡೆದಿತ್ತು. ಕಾಲುಂಗುರ ಸವೆದು ತೆಳ್ಳಗಾಗಿತ್ತು. ಹೆಬ್ಬೆರಳು ಮಾತ್ರ ಅದೇ. ಉಗುರು ಚಿಕ್ಕದು, ತುದಿ ಸ್ವಲ್ಪ ಒಳಕ್ಕೆ ತಿರುಗಿದ್ದು. ಅವಳು ಹುಟ್ಟುವಾಗ ಒಂದು ಸಲ ಪೂರಾ ತಿರುಗಿದ್ದಳು, ಮಲಗಿದಾಗಲೆಲ್ಲ ತಿರುಗುತ್ತಿದ್ದಳು. ಈಗ ಯಾರ ಮೈಗೂ ತಾಕದಂತೆ ಇಟ್ಟಲ್ಲೇ ಇರುವುದನ್ನು ಕಲಿತಿದ್ದಾಳೆ. ಅವಳು ತಿರುಗದಿದ್ದರೆ ನಾನು ತಿರುಗಬಾರದೇ ಅನ್ನಿಸಿತು.

ದಿಂಬು ಎತ್ತಿಕೊಂಡು, ಸದ್ದಾಗದಂತೆ ಸುತ್ತಿ ಹೋಗಿ, ಅವಳ ಕಾಲ ದೆಸೆಗೆ ತಲೆ ಮಾಡಿ, ಅವಳಿಗೆ ಬೆನ್ನು ಹಾಕಿ ಮಲಗಿದೆ. ಐವತ್ತು ದಾಟಿದ ಹೆಂಗಸು, ಮಧುಗಿರಿಯ ಜಯಮ್ಮ ಟೈಲರು, ಹಿಡಿದ ಕತ್ತನ್ನು ತೆವಳಿಸುತ್ತಾ ತಂಗಿಯ ಪಾದದ ಹತ್ತಿರ ಹೋಗುವುದನ್ನು ಯಾರಾದರೂ ಕಂಡಿದ್ದರೆ ಏನೆನ್ನುತ್ತಿದ್ದರೋ. ಕತ್ತಿಗೆ ಹೆಬ್ಬೆರಳು ತಾಕಿತು. ತಣ್ಣಗಿತ್ತು. ಕಾಲು ಅಲುಗಲಿಲ್ಲ. ತಾಕಿದ್ದೇ ಸಾಕೆಂದು ಕಣ್ಣು ಮುಚ್ಚಿದೆ.

ಆಗ ಹೆಬ್ಬೆರಳು ಸರಿಯಾಗಿ ನೋವಿದ್ದ ಜಾಗಕ್ಕೆ ಒತ್ತಿಕೊಂಡು ಒಂದು ಸಣ್ಣ ತಳ್ಳು ತಳ್ಳಿತು. ಆ ತಳ್ಳಿನ ಜೊತೆಗೇ ಹಿಂದಿನಿಂದ ನಿದ್ದೆಗಣ್ಣಿನ ದನಿ ಕೇಳಿಸಿತು.

"ಅತ್ಲಾಗೆ ಸರ್ಕಳೇ ಜಯೀ."

ನಿದ್ದೆಯಲ್ಲಿ ಅಂದಳೋ, ಎಚ್ಚರದಲ್ಲಿ ಅಂದಳೋ? ತಿರುಗಿ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಕಾಲು ತಾಕಿಯಾಗಿತ್ತು, ತಿರುಗುವಂತಿರಲಿಲ್ಲ. ಕೇಳೋಣವೆಂದರೆ ಮಾತಾಡುವಂತಿರಲಿಲ್ಲ. ದಿಂಬು ತೊಯ್ಯುತ್ತಿತ್ತು. ಹಾಗೇ ನಿದ್ದೆ ಹೋದೆ.

ಎದ್ದಾಗ ರತ್ನಿ ಟೀ ಮಾಡುತ್ತಿದ್ದಳು. ಲೋಟ ತಂದು ನನ್ನ ಮುಂದಿಟ್ಟಳು, ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಸಾಯಂಕಾಲದ ಬಸ್ಸಿಗೆ ಹೊರಟೆ. ಅವಳು ಒಂದು ಚೀಲ ಕಡಲೆಕಾಯಿಯನ್ನು ನನ್ನ ಕೈಗೆ ತುರುಕಿದಳು. ಯಾರು ಯಾರಿಗೆ ಕೊಡಬೇಕಾದದ್ದು ಎಂದು ನಗು ಬಂತು, ತಡೆದುಕೊಂಡೆ. ದಾರಿಯುದ್ದಕ್ಕೂ ನನ್ನ ಹಿಂದೆಯೇ ಬಂದಳು, ಒಂದು ಮಾತಿಲ್ಲ. ಬಾಯಿಗೆ ಬೀಗವಿಲ್ಲದ ರತ್ನಿ, ಬುತ್ತಿಯ ಹೊತ್ತಿನಲ್ಲಿ ಒಂದು ಬ್ಲೌಸು ಮುಗಿಯುವವರೆಗೆ ಮಾತಾಡುವ ರತ್ನಿ. ಆಗ ನನಗೆ ತಿಳಿಯಿತು, ಅವಳು ಮಲಗಿರಲಿಲ್ಲ. ಅಜ್ಜಿಯ ಕಟ್ಟಳೆಯನ್ನು ಅವಳೂ ಪಾಲಿಸುತ್ತಿದ್ದಳು.

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಪಟ್ಟಿ ಕಟ್ಟಿಕೊಳ್ಳಲೆಂದು ಕತ್ತನ್ನು ಅತ್ತಿತ್ತ ಆಡಿಸಿದರೆ ಆಡುತ್ತಿತ್ತು. ಮಾತ್ರೆಯೋ, ಮಿಷನ್ ಬಿಟ್ಟು ಕಳೆದ ಹಗಲೋ, ಬಿಸಿ ಎಣ್ಣೆಯೋ, ಎಡಗಾಲಿನ ಹೆಬ್ಬೆರಳೋ, ಡಾಕ್ಟರಮ್ಮನನ್ನು ಕೇಳಿದರೆ ಏನಾದರೂ ಹೇಳಿಯಾರು. ನಾನು ಕೇಳುವುದಿಲ್ಲ. ಬಸ್ಸು ಹೊರಟಿತು. ಹಿಂದೆ ರಸ್ತೆಯ ಅಂಚಿನಲ್ಲಿ ಅವಳು ನಿಂತಿದ್ದಾಳೆಂದು ಗೊತ್ತಿತ್ತು. ತಿರುಗಿ ನೋಡಿದರೆ ಹಿಡಿತ ಮತ್ತೆ ಬರುತ್ತದೆಂದೂ ಗೊತ್ತಿತ್ತು.

ನಾನು ತಿರುಗಿ ನೋಡಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕತ್ತು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿ ನೋಡಿದೆ. ರತ್ನಿ ಹಣೆ ಚಚ್ಚಿಕೊಂಡಳು. ಆಮೇಲೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಎಡಗಾಲನ್ನು ನೆಲದಿಂದ ಮೇಲೆತ್ತಿ, ಒಂಟಿಕಾಲಲ್ಲಿ ನಿಂತು, ನನ್ನ ಕಣ್ಣಿಗೆ ಮರೆಯಾಗುವವರೆಗೂ ಆ ಪಾದವನ್ನು ಅಲ್ಲಾಡಿಸುತ್ತಿದ್ದಳು.

ನಿನ್ನೆಯಿಂದ ಎಡಗಡೆ ಮತ್ತೆ ಸ್ವಲ್ಪ ಹಿಡಿದಂತಿದೆ. ಡಾಕ್ಟರಿಗೆ ಹೇಳಿಲ್ಲ. ಪಾವಗಡಕ್ಕೆ ಬೆಳಗ್ಗೆಯೇ ಒಂದು ಬಸ್ಸಿದೆ.